ಉತಾರದ 11ನೇ ಕಾಲಂನಾಗ ಒಂದ ಸಾಲು: ಹೊಲ ನಮ್ಮದೋ, ಸರ್ಕಾರದ್ದೋ?

ಎರಿಹೊಲ
ಎಲ್ಲಾರಿಗೂ ನಮಸ್ಕಾರ್ರೀ. ನಾ ಇಲ್ಲಿ ಓದಾಂವ ಅಷ್ಟ, ಬರ್ಯಾಂವ ಅಲ್ಲ. ಇವತ್ತ ನೋಂದಣಿ ಕಚೇರಿಯಿಂದ ಬರಿಗೈಲೆ ಬಂದು ತಲಿ ಕೆಟ್ಟ ಬರ್ಯಾಕ ಕುಂತೀನಿ.

ನಮ್ಮದು ಬಾಗಲಕೋಟಿ ತಾಲೂಕು, ಘಟಪ್ರಭಾ ದಂಡಿಗೆ ನಾಕ ಎಕರೆ ಹದಿನಾಕ ಗುಂಟೆ ಎರಿ ಹೊಲ. ಆಲಮಟ್ಟಿ ಡ್ಯಾಮಿನ ಎತ್ತರ 519.60 ಮೀಟರಿಂದ 524.256ಕ್ಕ ಹೋದ್ರ ಹಿನ್ನೀರು ನಮ್ಮ ಬದುವು ದಾಟತೈತಿ ಅಂತ ಅಳತಿಯವರು ಬಂದು ಕಲ್ಲ ನೆಟ್ಟ ಹೋದ್ರು. ಸ್ವಲ್ಪ ದಿನಕ್ಕ ಉತಾರದ (ಪಹಣಿದ) 11ನೇ ಕಾಲಂನಾಗ ಒಂದ ಸಾಲು ಬಂದ ಕುಂತಿತು, ಭೂಸ್ವಾಧೀನ ಕಲಂ 11(1) ಅಂತ, ಅಂದ್ರ ಹೊಲ ತಗೋತೀವಿ ಅನ್ನೂ ಮೊದಲನೇ ಅಧಿಸೂಚನೆ. ಆ ಸಾಲಿಗೆ ಈಗ ಏಳನೇ ವರ್ಷ. ಅವರು ನೆಟ್ಟ ಕಲ್ಲಿಗೆ ನಮ್ಮ ಎಮ್ಮಿ ಮೈ ತಿಕ್ಕಿ ತಿಕ್ಕಿ ಬಣ್ಣ ಹೋಗೇತಿ, ನಂಬರ್ ಅಳಿಸೇತಿ. ಉತಾರದಾಗಿನ ಸಾಲು ಮಾತ್ರ ಅಲ್ಲೇ ಐತಿ.

ಮಗಳ ಮದುವಿಗೆ ಒಂದ ಎಕರೆ ಕೊಡೂಣು ಅಂದ್ರ ಕಂಪ್ಯೂಟರ್ ತಗೊಳ್ಳಾಂಗಿಲ್ಲ. ಪೈಪ್‌ಲೈನ್ ಸಾಲ ಕೇಳಿದ್ರ ಬ್ಯಾಂಕಿನವರು ಉತಾರ ನೋಡಿ ಹೊಳ್ಳಿ ಕೊಟ್ರು. ಬಾವಿದು ಒಂದ ಮಗ್ಗಲ ಕುಸದೈತಿ. ಕಟ್ಟಸ್ತೀನಿ ಅಂದ್ರ ಮನ್ಯಾಗ, ಮುಳಗೂ ಬಾವಿಗೆ ಯಾಕ ರೊಕ್ಕ ಸುರೀತಿ ಅಂತಾರ. ಕಟ್ಟಸದ ಬಿಟ್ರ ಈ ವರ್ಷದ ಉಳ್ಳಾಗಡ್ಡಿ ಒಣಗತೈತಿ.

ಹೊಲ ಕೊಡಾಂಗಿಲ್ಲ ಅಂತ ನಾ ಹಟ ಹಿಡದಿಲ್ರೀ. ನೀರು ಎಲ್ಲಾರಿಗೂ ಬೇಕು. ಸರ್ಕಾರಕ್ಕ ತಗೊಳ್ಳೂ ಅಧಿಕಾರ ಐತಿ, ಒಪ್ಪೀನಿ. ಆದ್ರ ತಗೊಳ್ಳದ, ಬಿಡದ, ಸುಮ್ಮನ ಹಿಡಕೊಂಡ ಕುಂದರೂ ಅಧಿಕಾರ ಯಾರ ಕೊಟ್ರು? ತಿಳದವರು ಹೇಳ್ರಿ.

ನವನಗರದ ವೈನಿ
ಏಳ ವರ್ಷ ಅಂದ್ರ ಮುಳುಗಡಿ ಮಂದಿ ಲೆಕ್ಕದಾಗ ಇನ್ನೂ ಬಾಲವಾಡಿ ಅಣ್ಣಾರ. ಸಮಾಧಾನ ಇರ್ಲಿ.

ಹಾಸ್ಟೆಲ್ ಹುಡುಗ, ಧಾರವಾಡ
ಇದಕ್ಕ ನಾ ಯಾವಾಗಲೂ ಹೇಳೂದು, ಸರ್ಕಾರದ ಕೆಲಸ ಮೂರ ಅಷ್ಟ: ಗಡಿ ಕಾಯೂದು, ಕಳ್ಳರ್ನ ಹಿಡಿಯೂದು, ಕೋರ್ಟ್ ನಡಸೂದು. ಉಳದದ್ದಕ್ಕ ಕೈ ಹಾಕಿದ್ರ ಹಿಂಗ ಆಗೂದು. ಸಂವಿಧಾನದಾಗ ಆಸ್ತಿ ಮೂಲಭೂತ ಹಕ್ಕು ಇತ್ತು. 1978ರಾಗ 44ನೇ ತಿದ್ದುಪಡಿ ತಂದು ತಗದ ಒಗದ್ರು. ಅವತ್ತಿಂದ ನಮ್ಮ ಹೊಲ ನಮ್ಮದಲ್ಲ, ಸರ್ಕಾರ ಬಿಟ್ಟಷ್ಟ ದಿನ ನಾವು ಲಾವಣಿದಾರರು, ಗೇಣಿ ಮಾಡಾವ್ರು.

ಗೋಕಾಕ ಕರದಂಟು
ತಮ್ಮಾ, ಮೂರ ಕೆಲಸ ಅಂದೆಲ್ಲ, ನಿಮ್ಮ ಹಾಸ್ಟೆಲ್ಲಿನ ಸಾರು ಅದರಾಗ ಯಾವುದರಾಗ ಬರತೈತಿ?

ಹಾಸ್ಟೆಲ್ ಹುಡುಗ, ಧಾರವಾಡ
ಆ ಸಾರು ಒಂದಿನ ಉಂಡ್ರ ನೀವೂ ನನ್ನ ಪಕ್ಷಕ್ಕ ಬರ್ತೀರಿ ಕಾಕಾ.

ಕರಿಕೋಟು
ಹುಡುಗ ಅರ್ಧ ಹೇಳ್ಯಾನ, ಇನ್ನರ್ಧ ಬಿಟ್ಟಾನ. 44ನೇ ತಿದ್ದುಪಡಿ ಆಸ್ತಿಯನ್ನ ಮೂಲಭೂತ ಹಕ್ಕಿನ ಪಟ್ಟಿಯಿಂದ ತಗದದ್ದು ಖರೆ. ಆದರೆ ಅದೇ ತಿದ್ದುಪಡಿ 300ಎ ವಿಧಿ ತಂದಿತು: ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಈ ವಿಧಿ ಬಹಳ ವರ್ಷ ಸಪ್ಪಗೇ ಇತ್ತು. ಈಚೆಗೆ ಸುಪ್ರೀಂ ಕೋರ್ಟು ಅದಕ್ಕೆ ಹಲ್ಲು ಹಚ್ಚಿದೆ. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ, 300ಎ ಒಳಗೆ ಏಳು ಹಕ್ಕು ಅಡಗಿವೆ ಎಂದಿತು. ನೋಟಿಸು ಕೊಡಬೇಕು, ತಕರಾರು ಕೇಳಬೇಕು, ಕಾರಣ ಬರೆದು ತೀರ್ಮಾನ ಮಾಡಬೇಕು, ಉದ್ದೇಶ ಸಾರ್ವಜನಿಕವಾಗಿರಬೇಕು, ನ್ಯಾಯವಾದ ಪರಿಹಾರ ಕೊಡಬೇಕು. ಈ ಐದು ಎಲ್ಲರಿಗೂ ಗೊತ್ತು. ಎರಿಹೊಲದವರಿಗೆ ಬೇಕಾದದ್ದು ಆರು ಮತ್ತು ಏಳು: ಪ್ರಕ್ರಿಯೆಯನ್ನು ಹೊತ್ತಿಗೆ ಸರಿಯಾಗಿ ನಡೆಸಬೇಕು, ಮತ್ತು ಅದನ್ನು ಮುಗಿಸಬೇಕು.

ಅಣ್ಣಾರ, ಒಂದು ಮಾತು ಹೇಳ್ರಿ. 11(1) ಆದ ಮೇಲೆ ಕಲಂ 19ರ ಅಂತಿಮ ಘೋಷಣೆ ಬಂದಿದೆಯೇನು?

ಎರಿಹೊಲ
ನನಗ ತಿಳದಮಟ್ಟಿಗೆ ಬಂದಿಲ್ರೀ ವಕೀಲ್ರ. ಅದು ಬಂದ್ರ ಹೆಂಗಿರತೈತಿ ಅನ್ನೂದ ಗೊತ್ತಿಲ್ಲ. ಮನ್ಯಾಗ ಒಂದ ಝೆರಾಕ್ಸ್ ಐತಿ, ಅದರಾಗ 11(1) ಅಷ್ಟ ಐತಿ.

ಇಂಡಿ ನಿಂಬಿ
ಎಲ್ಲಾರೂ ಸರ್ಕಾರಕ್ಕ ಬೈರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಕಡಿದೂ ಒಂದೀಟ ಕೇಳ್ರಿ. ನಮ್ಮೂರಾಗ ಬ್ಯಾಸಗಿ ಅಂದ್ರ ಟ್ಯಾಂಕರ್ ಹಾರ್ನ್. ನಮ್ಮವ್ವ ಹಾರ್ನ್ ಕೇಳಿದ್ಲಂದ್ರ ಒಲಿ ಮ್ಯಾಲಿನ ರೊಟ್ಟಿ ಬಿಟ್ಟು ಕೊಡ ತಗೊಂಡು ಓಡತಿದ್ಲು. ನಿಂಬಿ ಗಿಡಕ್ಕ ನೀರ ಕೊಂಡು ಹಾಕಿ ಉಳಿಸೀವಿ. ಒಂದ ವರ್ಷ ಮುನ್ನೂರು ಗಿಡದಾಗ ಅರ್ಧ ಕಡದ ಹಾಕಿದ್ವಿ. ಬಿಜಾಪುರ ಅಂದ್ರ ಬರ ಅಂತ ಸಾಲಿ ಪುಸ್ತಕದಾಗ ಓದಿ ಬೆಳದ ಮಂದಿ ನಾವು.

ಕೃಷ್ಣಾ ಮೇಲ್ದಂಡೆ ಯೋಜನಾದ ಮೂರನೇ ಹಂತ, ಆಲಮಟ್ಟಿ ಏರಸೂದು ಅದರಾಗ ಬರ್ತದ, ಅಂದ್ರ 130 ಟಿಎಂಸಿ ನೀರು. ಹದಿನಾಕ ಹದಿನೈದ ಲಕ್ಷ ಎಕರೆಗೆ ಅಂತ ಸರ್ಕಾರದ ಲೆಕ್ಕ ಅದ. ಅದಕ್ಕ ಮುಳುಗೂದು ಸುಮಾರು 75 ಸಾವಿರ ಎಕರೆ. ಹುಡುಗ ಹೇಳಿದಂಗ ಸರ್ಕಾರ ಗಡಿ ಕಾಯ್ಕೊಂಡು ಕುಂತ್ರ ನಮ್ಮ ಕಡಿ ಒಂದ ಕಾಲುವಿನೂ ಬರ್ತಿದ್ದಿಲ್ಲ. ಒಬ್ಬ ರೈತ 'ನಾ ಕೊಡಂಗಿಲ್ಲ' ಅಂದ್ರ ಕಾಲುವಿ ಅವನ ಬದುವಿಗೆ ನಿಲ್ಲಬೇಕೇನು?

ಎರಿಹೊಲ
ಅಣ್ಣಾ, ನಾ ಕೊಡಾಂಗಿಲ್ಲ ಅಂದೇ ಇಲ್ಲ. ಇನ್ನೊಮ್ಮಿ ಓದ್ರಿ.

ಇಂಡಿ ನಿಂಬಿ
ಓದಿದೆ. ನಿಮಗ ಅಂದದ್ದಲ್ಲ ಅದು, ಹುಡುಗಗ ಅಂದದ್ದು. ತಪ್ಪ ತಿಳ್ಕೋಬ್ಯಾಡ್ರಿ.

ಹಳೇ ಗುಮಾಸ್ತ
ನಾನು ಭೂಸ್ವಾಧೀನದ ಕೆಲಸದಾಗ ಇದ್ದು ನಿವೃತ್ತಿ ಆದಾಂವ. ಯಾವ ಕಚೇರಿ ಅಂತ ಕೇಳಬ್ಯಾಡ್ರಿ, ಪಿಂಚಣಿ ಬರ್ಲಿ ಬಿಡ್ರಿ.

ಕಲಂ 11(4)ರ ಪ್ರಕಾರ 11(1) ಆದ ಮ್ಯಾಲ ಖರೀದಿ ಕೊಡೂದು ಬಂದ್. ಇದು ನಿಮಗ ಕಿರಿಕಿರಿ, ಆದ್ರ ಇಟ್ಟದ್ದಕ್ಕ ಕಾರಣ ಐತಿ. ಅಧಿಸೂಚನೆ ಸುದ್ದಿ ಬಂದ್ರ ಸಾಕು, ಏಜೆಂಟರು ಹಳ್ಳಿಗೆ ಇಳದು ಮುದುಕರ ಕೈಯಾಗ ಎರಡ ಲಕ್ಷ ಹಿಡಿಸಿ ಹೆಬ್ಬಟ್ಟ ಒತ್ತಿಸ್ಕೊಂಡ ಹೋಗ್ತಾರ. ಪರಿಹಾರ ಬರೂ ಹೊತ್ತಿಗೆ ಹೊಲದ ಧಣಿ ಬ್ಯಾರೆ ಊರಾಗ ಇರ್ತಾನ. ಅದಕ್ಕ ಆ ಬಾಗಿಲ ಹಾಕ್ಯಾರ.

ಮತ್ತ ರೈತರೂ ಏನ್ ಸಾಧು ಸಂತರಲ್ಲ. ಜಂಟಿ ಅಳತಿಗೆ ಹೋದಾಗ ನಾ ಕಣ್ಣಾರೆ ಕಂಡೀನಿ, ನಿನ್ನೆ ಜ್ವಾಳ ಇದ್ದ ಹೊಲದಾಗ ಇವತ್ತ ಇನ್ನೂರು ದಾಳಿಂಬಿ ಸಸಿ. ಒಂದ ಸಸಿ ಹಿಡದ ಎತ್ತಿದೆ, ಪ್ಲಾಸ್ಟಿಕ್ ಚೀಲ ಸಮೇತ ಮ್ಯಾಲ ಬಂತು! ಚೀಲ ಸುದ್ದಾ ಹರದಿದ್ದಿಲ್ಲ ಪುಣ್ಯಾತ್ಮ. ಒಬ್ಬಾಂವ ಬಾವಿ ಬರಸ್ರಿ ಅಂದ. ಬಾವಿ ಎಲ್ಲಿ ಅಂದೆ. ಬರಸ್ರಿ, ತೋಡಸ್ತೀನಿ ಅಂದ.

ಗೋಕಾಕ ಕರದಂಟು
ಬರಸ್ರಿ ತೋಡಸ್ತೀನಿ 😂 ಇದನ್ನ ಗ್ವಾಡಿಗೆ ಬರಸ್ಬೇಕು.

ಕರಿಕೋಟು
ಗುಮಾಸ್ತರು 11(4) ಅಂದರು, ಅದರ ಬಾಲ ಬಿಟ್ಟರು. ವಿಶೇಷ ಸಂದರ್ಭ ಇದ್ದರೆ, ಮಾಲೀಕ ಅರ್ಜಿ ಕೊಟ್ಟರೆ, ಕಾರಣ ಬರೆದು ಆ ನಿರ್ಬಂಧದಿಂದ ವಿನಾಯಿತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಅದೇ ಉಪಕಲಮಿನಲ್ಲೇ ಇದೆ. ಯಾರಿಗೂ ಹೇಳುವುದಿಲ್ಲ ಅಷ್ಟೆ.

ಇನ್ನು ಮುಖ್ಯ ಮಾತು. 2013ರ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 1ಕ್ಕೆ. ಅದರ 19(7) ಏನು ಹೇಳುತ್ತದೆ ಅಂದರೆ, 11(1) ಆದ ಹನ್ನೆರಡು ತಿಂಗಳೊಳಗೆ ಅಂತಿಮ ಘೋಷಣೆ ಬರದಿದ್ದರೆ ಆ ಅಧಿಸೂಚನೆ ರದ್ದಾಯಿತು ಅಂತಲೇ ಲೆಕ್ಕ. ಕೋರ್ಟಿನ ತಡೆ ಇದ್ದ ದಿನ ಬಿಟ್ಟು ಎಣಿಸಬೇಕು. ಎರಿಹೊಲದವರ ಹೊಲಕ್ಕೆ 19 ಬಂದೇ ಇಲ್ಲ ಅಂದರೆ, ಆ ಅಧಿಸೂಚನೆ ಸತ್ತು ಐದಾರು ವರ್ಷ ಆಗಿರಬೇಕು. ಹೆಣ ಸುಟ್ಟು ದಿನ ಮುಗಿದರೂ ರೇಷನ್ ಕಾರ್ಡಿನಲ್ಲಿ ಹೆಸರು ಉಳಿದಂಗೆ, ಉತಾರದಲ್ಲಿ ಸಾಲು ಉಳಿದಿದೆ.

ಎರಿಹೊಲ
ಯಪ್ಪಾ. ಹಂಗಾದ್ರ ಈ ಏಳ ವರ್ಷ ನಾ ಯಾರಿಗೆ ಅಂಜಿದೆ?

ಹಳೇ ಗುಮಾಸ್ತ
ವಕೀಲ್ರ, ನೀವೂ ಬಾಲ ಬಿಟ್ರಿ ನೋಡ್ರಿ. ಸರ್ಕಾರ ಕಾರಣ ಬರದು ಆ ಹನ್ನೆರಡ ತಿಂಗಳನ್ನ ವಿಸ್ತರಣಾ ಮಾಡಬಹುದು. ಮಾಡಿದ್ರ ಆ ಸಾಲು ಜೀವಂತ ಐತಿ.

ಕರಿಕೋಟು
ಒಪ್ಪಿದೆ. ಆದರೆ ಆ ವಿಸ್ತರಣೆಯನ್ನೂ ಅಧಿಸೂಚನೆ ಹೊರಡಿಸಿ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ. ಫೈಲಿನೊಳಗೆ ಪೆನ್ಸಿಲಿನಲ್ಲಿ ಬರೆದರೆ ನಡೆಯುವುದಿಲ್ಲ. ಎರಿಹೊಲ ಅಣ್ಣಾರ, ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ. ಎರಡೇ ಪ್ರಶ್ನೆ: ನನ್ನ ಸರ್ವೆ ನಂಬರಿಗೆ ಕಲಂ 19ರ ಘೋಷಣೆ ಆಗಿದೆಯೋ ಇಲ್ಲವೋ, ಅವಧಿ ವಿಸ್ತರಿಸಿದ ಆದೇಶ ಇದ್ದರೆ ಪ್ರತಿ ಕೊಡ್ರಿ. ಮೂವತ್ತು ದಿನದಾಗ ಉತ್ತರ ಬರಬೇಕು.

ನವನಗರದ ವೈನಿ
ನೀವೆಲ್ಲಾ ಕಲಮು ಉಪಕಲಮು ಅನ್ನಾಕತ್ತೀರಿ, ನನಗ ಹಿನ್ನೀರಿಗೆ ಹೋದ ನಮ್ಮ ಹಳೇ ಬಾಗಲಕೋಟಿ ಮನಿ ನೆನಪಾತು. ಜಂತಿ ಮನಿ, ನಡುವ ಹಗೇವು ಇತ್ತು. ಬಿಟ್ಟ ಬರೂ ದಿನ ನಮ್ಮತ್ತಿ ಎಲ್ಲಾ ಸಾಮಾನ ಟ್ರ್ಯಾಕ್ಟರಿಗೆ ಏರಿಸಿ, ಕಡೀಕ ಹೊಚ್ಚಲಾ ಕಿತ್ಕೊಂಡ ಬರ್ತೀನಿ ಅಂತ ಕುಂತ್ರು. ನಾಕ ಮಂದಿ ಹಾರಿ ಹಾಕಿ ಎಬ್ಬಿಸಿದ್ರು. ಆ ಹೊಚ್ಚಲಾ ಈಗೂ ನವನಗರದಾಗ ನಮ್ಮ ಹಿತ್ತಲದಾಗ ಅಡ್ಡ ಬಿದ್ದೈತಿ. ಹೊಸ ಬಾಗಲಕ್ಕ ಅದು ಅಳತಿ ಬರಲಿಲ್ಲ, ಒಂದೂವರಿ ಗೇಣ ಹೆಚ್ಚಾತು. ಅದರ ಮ್ಯಾಲ ಕುಂತು ನಾವು ಮೆಣಸಿನಕಾಯಿ ತುಂಬ ತಗೀತೀವಿ.

ನಮಗ ಸರ್ಕಾರ ಜಾಗಾ ಕೊಟ್ಟಿತು, ರಸ್ತಾ ಕೊಟ್ಟಿತು, ಗಿಡಾ ಹಚ್ಚಿತು. ಸುಳ್ಳ ಹೇಳಬಾರದು, ಹಳೇ ಓಣಿಗಿಂತ ಗಾಳಿ ಬೆಳಕ ಚೊಲೊ ಐತಿ. ಆದ್ರ ಓಣಿ ಅನ್ನೂದು ಸೆಕ್ಟರ್ ಆತು. ನಮ್ಮ ಸೆಕ್ಟರಿನ ನಂಬರ್ ನಮ್ಮತ್ತಿಗೆ ಸಾಯೂತನಕ ನೆನಪ ಉಳೀಲಿಲ್ಲ. ಆಟೋದವ್ರಿಗೆ 'ನೀರಿನ ಟಾಕಿ ಹತ್ರ' ಅಂತಿದ್ರು. ನವನಗರದಾಗ ನೀರಿನ ಟಾಕಿ ಒಂದ ಐತೇನ್ರಿ?

ಕಿಲ್ಲಾ ಓಣಿ ಹುಡುಗ
ವೈನಿ, ಹೋಳಿಗೆ ಹಳೇ ಊರಿಗೆ ಬರ್ತೀರಿಲ್ರಿ? ಬಂಡಿ ಮ್ಯಾಲ ಬ್ಯಾರಲ್ ಇಟ್ಟು ಬಣ್ಣಾ ಉಗ್ಗೂದು ನವನಗರದ ಅಗಲ ರಸ್ತಾದಾಗ ಚಂದ ಬರಾಂಗಿಲ್ಲ. ಸಣ್ಣ ಓಣಿನ ಬೇಕು.

ನವನಗರದ ವೈನಿ
ಬರದ ಇರತೀವೇನೋ ತಮ್ಮಾ. ವೆಂಕಟಪೇಟಿಯವ್ರು ಹೋದ ಸಲ ನನ್ನ ಹೊಸಾ ಇಳಕಲ್ ಸೀರಿ ಹಾಳ ಮಾಡ್ಯಾರ. ಅದರ ಪರಿಹಾರ ಇನ್ನೂ ಬಾಕಿ ಐತಿ.

ಕಿಲ್ಲಾ ಓಣಿ ಹುಡುಗ
ಹಲಗಿ ಮ್ಯಾಳದವರಿಗೆ ಈ ಸಲ ಯಾರ ಹೇಳ್ಯಾರ?

ನಿರ್ವಾಹಕ
ಹೋಳಿಗೆ ಬ್ಯಾರೆ ಚರ್ಚಾ ತಗೀರಿ. ಇಲ್ಲಿ ಹೊಲದ ಮಾತ ನಡದೈತಿ.

ಗೋಕಾಕ ಕರದಂಟು
ನನಗ ಒಂದ ಮಾತ ಬಗೆಹರಿವಲ್ದು. 2025ರ ನವೆಂಬರಿನ್ಯಾಗ ಗುರ್ಲಾಪುರ ಕ್ರಾಸಿನ್ಯಾಗ ಟನ್ ಕಬ್ಬಿಗೆ 3500 ಬೇಕು ಅಂತ ಹಗಲು ರಾತ್ರಿ ಕುಂತ ಮಂದ್ಯಾಗ ನಾನೂ ಒಬ್ಬಾಂವ. ನಾವು ಏನ್ ಕೇಳಿದ್ವಿ? ಸರ್ಕಾರ ನಡುವ ಬರ್ಲಿ, ಕಾರ್ಖಾನಿಯವರ್ನ ಹಿಡದು ಕೊಡಿಸಲಿ ಅಂತ. ಅವತ್ತ ಕೇಂದ್ರದ ದರ ಕ್ವಿಂಟಲ್ಲಿಗೆ 355 ಇತ್ತು, ಅದೂ ನೂರಕ್ಕ 10.25 ಸಕ್ರಿ ಇಳುವರಿಗೆ, ಅದರಾಗ ಕಟಾವು ಸಾಗಾಟ ಕಳದ್ರ ಕೈಗೆ ಬರೂದು ಎಷ್ಟ ಅಂತ ಕಬ್ಬು ಹಚ್ಚಿದವರಿಗೆ ಗೊತ್ತು. ಕಡೀಕ 3300ಕ್ಕ ಇತ್ಯರ್ಥ ಆತು. ಅದರಾಗ ಕಾರ್ಖಾನಿ ಐವತ್ತು, ಸರ್ಕಾರ ಐವತ್ತು ಹೆಚ್ಚಿಗಿ ಹಾಕಿದ್ರು.

ಅಂದ್ರ ಬೆಲಿ ಮಾತ ಬಂದಾಗ ನಮಗ ಸರ್ಕಾರದ ಕೈ ಉದ್ದ ಇರಬೇಕು. ಹೊಲದ ಮಾತ ಬಂದಾಗ ಅದ ಕೈ ಮುರೀಬೇಕು. ನಾವ ಖರೇ ಹೇಳಬೇಕಂದ್ರ ಯಾವ ಪಕ್ಷ?

ಹಾಸ್ಟೆಲ್ ಹುಡುಗ, ಧಾರವಾಡ
ಅದನ್ನ ನಾ ಹೇಳೂದು. ಬೆಲಿನೂ ಬಿಡ್ರಿ, ಮಾರುಕಟ್ಟಿ ನೋಡ್ಕೊಳ್ಳತೈತಿ.

ಗೋಕಾಕ ಕರದಂಟು
ಮಾರುಕಟ್ಟಿ ಎಲ್ಲೈತಿ ತಮ್ಮಾ? ಕಡದ ಕಬ್ಬು ಎರಡ ದಿನ ಹೊಲದಾಗ ಬಿದ್ರ ತೂಕ ಇಳೀತೈತಿ. ಅದನ್ನ ತಲಿ ಮ್ಯಾಲ ಹೊತ್ತು ಹುಬ್ಬಳ್ಳಿಗೆ ಒಯ್ದು ಮಾರ್ಲೇನು? ಹತ್ರ ಇರೂದು ಒಂದೋ ಎರಡೋ ಫ್ಯಾಕ್ಟರಿ. 1966ರ ಕಬ್ಬು ನಿಯಂತ್ರಣ ಆದೇಶದಾಗ ಹದಿನಾಕ ದಿನದಾಗ ರೊಕ್ಕ ಕೊಡಬೇಕು, ತಡ ಆದ್ರ ನೂರಕ್ಕ ಹದಿನೈದು ಬಡ್ಡಿ ಅಂತ ಐತಿ. ಆ ಕಾನೂನು ಇದ್ದೂ ನಾವು ರಸ್ತಾದಾಗ ಕುಂದರತೀವಿ. ಇಲ್ಲದಿದ್ರ?

ಎರಿಹೊಲ
ಅಣ್ಣಾರ, ನಿಮ್ಮ ಮಾತಿನಾಗ ನನಗ ಬೇಕಾದ್ದ ಸಿಕ್ತು. ಫ್ಯಾಕ್ಟರಿಯವಂಗ ಹದಿನಾಕ ದಿನ, ತಡ ಆದ್ರ ಬಡ್ಡಿ ಅಂತ ಸರ್ಕಾರನ ಗೆರಿ ಹೊಡದೈತಿ. ಬ್ಯಾರೆಯವರಿಗೆ ಹೊಡದ ಗೆರಿ ತನಗ ಯಾಕ ಹೊಡಕೊಳ್ಳವಲ್ದು?

ಹಳೇ ಗುಮಾಸ್ತ
ಹೊಡಕೊಂಡೈತಿ, ಹನ್ನೆರಡ ತಿಂಗಳ ಅಂತ. ದಾಟಿದ್ರ ಕೇಳಾಂವ ಇಲ್ಲ ಅಷ್ಟ. ಮತ್ತ ಒಂದ ಮಾತ ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಆ ನಾಕ ಎಕರೆ ಹದಿನಾಕ ಗುಂಟೆ ನಿಮ್ಮ ಮನಿತನಕ್ಕ ಹೆಂಗ ಬಂತು?

ಎರಿಹೊಲ
ಸಿಟ್ಟ ಯಾಕ್ರೀ. ನಮ್ಮಜ್ಜ ಲಾವಣಿಗೆ ಮಾಡತಿದ್ದ ಹೊಲ. ದೇವರಾಜ ಅರಸು ಸರ್ಕಾರ ಇದ್ದಾಗ ಫಾರ್ಮ್ ನಂಬರ್ ಏಳು ತುಂಬಿ, ಟ್ರಿಬ್ಯುನಲ್‌ದಾಗ ಹೆಸರಿಗೆ ಆತು. ಆ ಫಾರ್ಮಿನ ರಸೀದಿ ಅಜ್ಜನ ಟ್ರಂಕಿನ್ಯಾಗ ಈಗೂ ಐತಿ.

ಹಳೇ ಗುಮಾಸ್ತ
ಹಾಂ. 1974ರ ಮಾರ್ಚ್ 1ಕ್ಕ ಉಳುವವನ ಹೊಲದೊಡೆಯ ಆದ. ಅವತ್ತೂ ಸರ್ಕಾರ ಒಬ್ಬನ ಕೈಯಾಗಿಂದ ಕಸಗೊಂಡ ಇನ್ನೊಬ್ಬಗ ಕೊಟ್ಟದ್ದ. ಅವತ್ತ ನಿಮ್ಮ ಮನಿಯವರು ಸರ್ಕಾರದ ಅಧಿಕಾರಕ್ಕ ಮಿತಿ ಬೇಕು ಅಂದ್ರೇನು?

ಜಮಖಂಡಿ ಸೊಸಿ
ಸುಮ್ಮನ ಓದಾಕತ್ತಿದ್ದೆ, ಈ ಮಾತಿಗೆ ಸುಮ್ಮನಿರೂದ ಆಗಲಿಲ್ಲ. ನನ್ನ ತವರುಮನಿ ಹೊಲ ಕಳಕೊಂಡವರ ಪೈಕಿ. ಜಹಗೀರದಾರರಲ್ಲ ನಾವು. ನಮ್ಮ ತಂದಿಯ ಅವ್ವ ಇಪ್ಪತ್ತಾರಕ್ಕ ವಿಧವಾ ಆಗಿ, ಉಳೂದು ಆಗದ ಒಂಬತ್ತ ಎಕರೆ ಲಾವಣಿಗೆ ಕೊಟ್ಟಿದ್ರು. ಫಾರ್ಮ್ ಏಳರಾಗ ಅದಷ್ಟೂ ಹೋತು. ಪರಿಹಾರ ಅಂತ ಬಂದದ್ದನ್ನ ಅವರು ಎಣಿಸಲೂ ಇಲ್ಲ, ಹಂಗ ದೇವರ ಮುಂದ ಇಟ್ರಂತ. ನಾ ಆ ಕಾಯ್ದೆ ತಪ್ಪು ಅನ್ನಾಂಗಿಲ್ಲ. ದುಡದವರಿಗೆ ಹೊಲ ಸಿಕ್ಕದ್ದು ಚೊಲೊನ ಆತು. ಆದ್ರ ಕಾಯ್ದೆಗೆ ನಮ್ಮ ಅಜ್ಜಿಯೂ ದೊಡ್ಡ ಜಮೀನ್ದಾರರೂ ಒಂದ ಕಂಡ್ರು.

ಎರಿಹೊಲ
ಅಕ್ಕಾರ, ಏನ್ ಹೇಳಲಿ ನಿಮಗ. ನಮ್ಮಜ್ಜ ಟ್ರಿಬ್ಯುನಲ್ ಆರ್ಡರ್ ಬಂದ ದಿನ ಊರಿಗೆಲ್ಲಾ ಪೇಡೆ ಹಂಚಿದ್ನಂತ. ಆ ಹೊಲದ ಧಣಿ ಯಾರು, ಅವರ ಮನ್ಯಾಗ ಅವತ್ತ ಏನ್ ಆತು ಅಂತ ನಾವ್ಯಾರೂ ಕೇಳಿಲ್ಲ.

ಜಮಖಂಡಿ ಸೊಸಿ
ನಿಮ್ಮಜ್ಜಂದು ತಪ್ಪಲ್ಲ ಬಿಡ್ರಿ. ಆದ್ರ ಅವತ್ತ ಒಮ್ಮಿಗೆ ಹೋತು ಅಂದ್ರ ಹೋತು. ಹಿಂಗ ಏಳ ವರ್ಷ ತೂಗ ಹಾಕಲಿಲ್ಲ.

ಇಂಡಿ ನಿಂಬಿ
ಅಕ್ಕಾರು ಹೇಳಿದ್ದು ಖರೆ ಅದ.

ಶಹಾಪುರದಾಂವ, ಬೆಳಗಾವಿ
ನಮ್ಮ ಓಣ್ಯಾಗ ರಸ್ತಾ ಅಗಲ ಮಾಡಾಕ ಬಂದಾಗ ಬರೇ ಒಂದ ಕೆಂಪ ಗೆರಿ. ಗ್ವಾಡಿ ಮ್ಯಾಲ ಸಂಜಿಗೆ ಗೆರಿ ಹೊಡದ್ರು, ಮುಂಜಾನಿ ಜೆಸಿಬಿ ಬಂತು. ನಮ್ಮ ಮನಿ ಮುಂದಿನ ಕಟ್ಟಿ, ತುಳಸಿಕಟ್ಟಿ, ಒಂದ ಅಂಗಡಿ ಷಟರ್ ಹೋತು. ಕಾಗದ ಕೇಳಿದ್ರ ಆಮ್ಯಾಲ ಕೊಡ್ತೀವಿ ಅಂದ್ರು. ಆಮ್ಯಾಲ ಅನ್ನೂದು ಇನ್ನೂ ಬಂದಿಲ್ಲ. ಎರಿಹೊಲದವರದ್ದು ತಡ ಆಗಿ ಸಂಕಟ, ನಮ್ಮದು ಅವಸರದ ಸಂಕಟ.

ಕರಿಕೋಟು
2024ರ ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟು ಕೆಡವುವ ವಿಷಯದಲ್ಲಿ ಆದೇಶ ಮಾಡಿದೆ, ಕನಿಷ್ಠ ಹದಿನೈದು ದಿನದ ನೋಟಿಸು ಕೊಡಲೇಬೇಕು ಅಂತ. ರಸ್ತೆ, ಫುಟ್‌ಪಾತು, ನದಿ ದಂಡೆ ಅತಿಕ್ರಮಣಕ್ಕೆ ಅದು ಅನ್ವಯ ಆಗುವುದಿಲ್ಲ. ನಿಮ್ಮ ಕಟ್ಟೆ ಯಾರ ಜಾಗದಲ್ಲಿತ್ತು?

ಶಹಾಪುರದಾಂವ, ಬೆಳಗಾವಿ
ಷಟರ್ ನಮ್ಮ ಜಾಗಾದಾಗ. ತುಳಸಿಕಟ್ಟಿ... ಅದು ಬಿಡ್ರಿ.

ಗೋಕಾಕ ಕರದಂಟು
ಬಿಡ್ರಿ ಅಂದ್ರ ಏನ್ರೀ, ತುಳಸವ್ವ ಗಟಾರ ಮ್ಯಾಲ ಇದ್ಲೇನು? 😄

ಶಹಾಪುರದಾಂವ, ಬೆಳಗಾವಿ
ಎಲ್ಲಾರ ಮನೀದೂ ಗಟಾರ ಮ್ಯಾಲ ಇತ್ತು ಮಾರಾಯ.

ಇನ್ನೊಂದ ಮಾತು, ಆಲಮಟ್ಟಿ ಏರಸೂದು ನಮ್ಮ ಸರ್ಕಾರದ ಕೈಯಾಗ ಪೂರಾ ಇಲ್ಲ. ಸಾಂಗಲಿ ಕೊಲ್ಹಾಪುರದ ನನ್ನ ಬೀಗರಿಗೆ ಆಲಮಟ್ಟಿ ಅಂದ್ರ ಸಿಟ್ಟು. 2019ರಾಗ ಅವರ ಮನ್ಯಾಗ ನೀರು ಮಾಳಿಗಿಮಟ ಬಂದಿತ್ತು. ನಿಮ್ಮ ಡ್ಯಾಂ ಹಿಂದ ಒತ್ತತೈತಿ ಅಂತಾರ. ನಾ ಇಲ್ಲ ಅಂತೀನಿ. ಊಟಕ್ಕ ಕುಂತಾಗ ಆ ವಿಷಯ ತಗೀಬಾರದು ಅಂತ ಹೆಂಡತಿ ತಾಕೀತು ಮಾಡ್ಯಾಳ.

ಕರಿಕೋಟು
ಹೌದು, ಗಂಟು ಅಲ್ಲೇ ಇರುವುದು. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ 524.256 ಮೀಟರಿಗೆ ಒಪ್ಪಿತು. ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಬಂದರೆ ಮಾತ್ರ ಅದಕ್ಕೆ ಬಲ. 2011ರ ಸಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸದ್ಯಕ್ಕೆ ಪ್ರಕಟಿಸಬ್ಯಾಡ್ರಿ ಅಂತು. ಆ ಸದ್ಯಕ್ಕೆ ಎಷ್ಟು ಉದ್ದ ಆಯಿತು ನೋಡ್ರಿ. ನಾಲ್ಕು ರಾಜ್ಯ, ಒಂದು ಕೇಂದ್ರ, ಒಂದು ಕೋರ್ಟು ಎಲ್ಲಾ ಸೇರಿ ಎಳೆದಾಡುವ ಹಗ್ಗದ ಗಂಟು ಬಂದು ಕುಂತದ್ದು ಒಬ್ಬ ರೈತನ ಬಾವಿಯ ಮೇಲೆ.

ನವನಗರದ ವೈನಿ
ಕೂಡಲಸಂಗಮಕ್ಕ ಹೋಗೀರೇನು? ಹಿನ್ನೀರು ಬರತೈತಿ ಅಂತ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಹಂಗ ದೊಡ್ಡ ಗ್ವಾಡಿ ಕಟ್ಯಾರ. ಮೆಟ್ಟಲ ಇಳದ ಹೋಗಬೇಕು, ಸುತ್ತ ಹೊಳಿ, ನಡುವ ಲಿಂಗ. ಭಾಳ ಚೊಲೊ ಮಾಡ್ಯಾರ, ಕೈ ಮುಗೀಬೇಕು. ನಮ್ಮತ್ತಿ ಅಲ್ಲಿ ಇಳದ ನೋಡಿ ಅಂದ್ರು: ಮಾಡಬೇಕು ಅನಿಸಿದ್ರ ಎಲ್ಲಾ ಆಗತೈತಿ ನೋಡವ್ವಾ.

ಇಂಡಿ ನಿಂಬಿ
ಪರಿಹಾರ ಘೋಷಣಾ ಆಗ್ಯದಲ್ರಿ ಈಗ? 2025ರ ಸಪ್ಟೆಂಬರಿನ್ಯಾಗ ಸಂಪುಟ ಒಪ್ಪಿತು, ಮುಳುಗಡಿಗೆ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯಕ್ಕ 30 ಲಕ್ಷ. ಕಾಲುವಿಗೆ 30, 25. ಇಷ್ಟ ಆದ ಮ್ಯಾಲ ಏನ್ ಚಿಂತಿ?

ಎರಿಹೊಲ
ಘೋಷಣಾ ಆಗೇತಿ, ಒಪ್ಪೀನಿ. ಕೈಗೆ ಬಂದ ದಿನ ನಿಮಗ ಒಂದ ಡಬ್ಬಿ ಕರದಂಟು ಕಳಸ್ತೀನಿ. ನನ್ನದು ಬಾವಿ ಐತಿ, ನೀರಾವರಿ ಅಂತ ಬರಸಬೇಕು. ಆದ್ರ ಬಾವಿ ಕುಸದ ಮ್ಯಾಲ ಅಳತಿಯವರು ಬಂದ್ರ 'ನೀರ ಎಲ್ಲೈತಿ, ಒಣಬೇಸಾಯ' ಅಂತ ಬರದ್ರ? ಎಕರೆಗೆ ಹತ್ತ ಲಕ್ಷ ಆ ಕುಸದ ಮಗ್ಗಲದಾಗ ಹೋತು. ಸಾಲ ಕೊಡಾಂಗಿಲ್ಲ ಅಂದಾವ್ರು ಅವರ, ಬಾವಿ ಕುಸದೈತಿ ಅಂತ ಬರ್ಯಾವ್ರೂ ಅವರ.

ಹಳೇ ಗುಮಾಸ್ತ
ಇದು ಖರೇ ಮಾತು. ಇಂಥಾದ್ದು ನಾ ಬಾಳ ಕಂಡೀನಿ. ನಾಳೆನ ಬಾವಿ ಫೋಟೋ ತಗಸಿ, ಪಂಪು, ಕರೆಂಟ್ ಬಿಲ್ಲು, ಉತಾರದ ಬೆಳಿ ಕಾಲಂ ಎಲ್ಲಾ ಒಂದ ಫೈಲ್ ಮಾಡಿ ಇಡ್ರಿ. ಬೆಳಿ ಕಾಲಂನಾಗ ಉಳ್ಳಾಗಡ್ಡಿ ಇದ್ರ ಒಣಬೇಸಾಯ ಅಂತ ಬರ್ಯಾಕ ಬರಾಂಗಿಲ್ಲ.

ಕರಿಕೋಟು
ಸಂಪುಟ ಒಪ್ಪಿದ ಈ ಒಪ್ಪಂದದ ದರ ಬೇಡ ಅಂದರೆ ಕಾಯ್ದೆ ಪ್ರಕಾರ ಬೆಲೆ ಕಟ್ಟುತ್ತಾರೆ. ಅಲ್ಲಿ ಇನ್ನೊಂದು ತೊಂದರೆ ಇದೆ. ಬೆಲೆ ಹಿಡಿಯುವುದು 11(1)ರ ದಿನದ ಲೆಕ್ಕಕ್ಕೆ, ಅದರ ಹಿಂದಿನ ಮೂರು ವರ್ಷದ ಖರೀದಿಪತ್ರ ನೋಡಿ. ಮೇಲೆ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಕೂಡಿಸುತ್ತಾರೆ, ಸಮಾಧಾನಧನ ಅಂತ ನೂರಕ್ಕೆ ನೂರು ಸೇರಿಸುತ್ತಾರೆ, ಖರೆ. ಆದರೆ ಮುಳುಗುತ್ತದೆ ಅಂತ ಗೊತ್ತಿದ್ದ ಹೊಲ ಖರೀದಿ ಮಾಡುವವರು ಯಾರು? ಮಾಡಿದವರೂ ಮುದ್ರಾಂಕ ಉಳಿಸಲಿಕ್ಕೆ ಹತ್ತು ಲಕ್ಷದ್ದನ್ನು ಮೂರು ಲಕ್ಷ ಅಂತ ಬರೆಸಿರುತ್ತಾರೆ. ಆ ಮೂರೇ ನಿಮ್ಮ ಹೊಲದ ಬೆಲೆ ಆಗಿ ಹೊಳ್ಳಿ ಬರುತ್ತದೆ.

ತಡ ಮಾಡಿದ್ದಕ್ಕೆ ಸರ್ಕಾರ ತೆತ್ತದ್ದೂ ಇದೆ. ಬೆಂಗಳೂರು–ಮೈಸೂರು ಕಾರಿಡಾರಿಗೆ 2003ರಲ್ಲಿ ಅಧಿಸೂಚನೆ ಆಗಿ, 2005ರಲ್ಲಿ ಹೊಲ ತಗೊಂಡು, ಪರಿಹಾರ ಕೊಡದೆ ಕೂತಿದ್ದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, 2003ರ ಬೆಲೆ ನಡೆಯುವುದಿಲ್ಲ, 2019ರ ಬೆಲೆ ಹಿಡಿದು ಕೊಡ್ರಿ ಅಂತ ಹೇಳಿತು.

ಕಿಲ್ಲಾ ಓಣಿ ಹುಡುಗ
ಗೆದ್ರೂ ಕೊಡಬೇಕಲ್ರಿ. ನಾ ಒಮ್ಮಿ ಒಂದ ಕಚೇರಿಗೆ ಆದಾಯ ಪ್ರಮಾಣಪತ್ರಕ್ಕ ಹೋಗಿದ್ದೆ. ಕೋರ್ಟಿನ ಬೇಲೀಫರು ಬಂದು ಪರಿಹಾರ ಕೊಟ್ಟಿಲ್ಲ ಅಂತ ಸಾಮಾನ ಜಪ್ತಿ ಮಾಡಾಕತ್ತಿದ್ರು. ಕುರ್ಚಿ, ಪ್ರಿಂಟರ್, ಒಂದ ಹಳೇ ಫ್ಯಾನು. ಒಬ್ಬ ಅಜ್ಜ, ಅವಂದ ಕೇಸು, ಮೂಲ್ಯಾಗ ನಿಂತಿದ್ದ. ಒಬ್ಬ ಸಿಪಾಯಿ ಕುರ್ಚಿ ಎತ್ತಾಕ ಬಂದಾಗ ಅದರ ಮ್ಯಾಲ ಕುಂತಿದ್ದ ಕ್ಲಾರ್ಕ್ ಬಾಯಿ ಎದ್ದ ನಿಂತು ಟಿಫಿನ್ ಡಬ್ಬಿ ಕೈಯಾಗ ಹಿಡಕೊಂಡ್ರು. ಅಜ್ಜ ಅವರಿಗೆ 'ಕುಂದರ್ರಿ ಯವ್ವಾ, ಅದೊಂದ ಬಿಡ್ರಿ' ಅಂದ. ನನ್ನ ಪ್ರಮಾಣಪತ್ರ ಅವತ್ತ ಆಗಲಿಲ್ಲ, ಪ್ರಿಂಟರ್ ಹೋತಲ್ಲ.

ಹಾಸ್ಟೆಲ್ ಹುಡುಗ, ಧಾರವಾಡ
ಈ ಅಜ್ಜನ ಮಾತ ಓದಿ ನನ್ನ ಮೂರ ಕೆಲಸದ ಪಟ್ಟಿಗೆ ನಾಕನೇದು ಸೇರಿಸಾಕ ತಯಾರ ಇದೀನಿ. ಕಾಲುವಿ ತಗೀಲಿ. ಆದ್ರ ಮೊದಲ ರೊಕ್ಕ, ಆಮ್ಯಾಲ ಕಲ್ಲು. ಕಲ್ಲ ನೆಡೂಕಿಂತ ಮೊದಲ ರೊಕ್ಕ ಬ್ಯಾಂಕಿನ್ಯಾಗ ಇರ್ಲಿ.

ಹಳೇ ಗುಮಾಸ್ತ
ಮೂರನೇ ಹಂತದ ಖರ್ಚು ಎಪ್ಪತ್ತ ಸಾವಿರ ಕೋಟಿ ಅಂತಾರ ತಮ್ಮಾ. ಎಲ್ಲಾ ಮೊದಲ ತಂದು ಇಟ್ಟು ಚಾಲೂ ಮಾಡಬೇಕಂದ್ರ ನಿನ್ನ ಮೊಮ್ಮಕ್ಕಳ ಕಾಲಕ್ಕ ಕಾಲುವಿ.

ಹಾಸ್ಟೆಲ್ ಹುಡುಗ, ಧಾರವಾಡ
ಹಂಗಾದ್ರ ಎಷ್ಟಕ್ಕ ರೊಕ್ಕ ಐತಿ, ಅಷ್ಟ ಹೊಲಕ್ಕ ಕಲ್ಲ ನೆಡ್ರಿ. ಉಳದವರು ಮದುವಿ ಮಾಡ್ಕೊಳ್ಲಿ, ಬಾವಿ ಕಟ್ಟಿಸ್ಲಿ.

ಇಂಡಿ ನಿಂಬಿ
ಇದಕ್ಕ ನಾನೂ ಒಪ್ಪತೀನಿ. ಮೊದಲನೇ ಸಲ ಈ ಹುಡುಗನ ಮಾತಿಗೆ ಒಪ್ಪಿದ್ದು.

ಎರಿಹೊಲ (ಹನ್ನೆರಡು ದಿನದ ಮ್ಯಾಲ)
ಎಲ್ಲಾರಿಗೂ ಶರಣ್ರಿ. ವಕೀಲ್ರು ಹೇಳಿದಂಗ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟೆ. 11(4)ರ ವಿನಾಯಿತಿಗೆ ಜಿಲ್ಲಾಧಿಕಾರಿಗಳಿಗೆ ಇನ್ನೊಂದ ಅರ್ಜಿ, ಮಗಳ ಲಗ್ನಪತ್ರಿಕಾ ಹಚ್ಚಿ ಕೊಟ್ಟೆ. ಬಾವಿಗೆ ಕಲ್ಲ ಇಳಿಸೀನಿ. ಮುಳುಗಿದ್ರ ಮುಳುಗ್ಲಿ, ಉಳ್ಳಾಗಡ್ಡಿ ಒಣಗಾಕ ಬಿಡಾಂಗಿಲ್ಲ. ಬೀಗರು ರೊಕ್ಕಕ್ಕ ತಡದೀವಿ ಅಂದಾರ, ದೊಡ್ಡ ಮನಸ.

ಟಪಾಲ ಟೇಬಲ್ಲಿನ್ಯಾಗ ಒಬ್ಬ ಹುಡುಗಿ ಇದ್ಲು. ಅರ್ಜಿ ತಗೊಂಡ್ಲು, ಸ್ವೀಕೃತಿ ಶಿಕ್ಕಾ ಒತ್ತಿ ಕೊಟ್ಲು. ಹೊರಗ ಬಂದು ಚಹಾ ಕುಡ್ಯಾಕತ್ತಾಗ ನೋಡ್ತೀನಿ, ಶಿಕ್ಕಾದಾಗ ತಾರೀಖು ಒಂದ ತಿಂಗಳ ಹಿಂದಿಂದ ಐತಿ. ಯಾರೂ ತಿರುವೇ ಇಲ್ಲ.

ಕರಿಕೋಟು
ತಿದ್ದಿಸಿದ್ರೋ ಇಲ್ಲೋ? ಮೂವತ್ತು ದಿನ ಎಣಿಸುವುದು ಆ ತಾರೀಖಿನಿಂದಲೇ!

ಎರಿಹೊಲ
ಚಹಾ ಅರ್ಧಕ್ಕ ಬಿಟ್ಟು ಒಳಗ ಹೋದೆ. ಆ ಹುಡುಗಿ ಪಿನ್ನಿಲೆ ಶಿಕ್ಕಾದ ಗಾಲಿ ತಿರುವಿದ್ಲು, ಬಿಗಿಯಾಗಿತ್ತು, ತಿರುವಾಕ ಬರಲಿಲ್ಲ. ನಾನೂ ಒಂದ ಕೈ ಹಚ್ಚಿದೆ. ಈಗ ಸರಿ ಐತಿ.